ಭಾನುವಾರದ ಒಂದು ವಯಲ್

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಅವಳಿಗೆ ಗಿರಗಿಟ್ಲೆ ಎಂದು ಹೆಸರು. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಾರೆ, ಬೆನ್ನು ತಿರುಗಿಸಿದ ಕೂಡಲೇ ಗಿರಗಿಟ್ಲೆ. ಅದು ಅವಳಿಗೂ ಗೊತ್ತು, ಬೇಸರವೇನೂ ಇಲ್ಲ. ಐವತ್ತೆರಡು ವರ್ಷದ ಹೆಂಗಸು ಊಟವನ್ನೂ ನಿಂತುಕೊಂಡೇ ಮಾಡುತ್ತಾಳೆ, ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ ಮೆಟ್ಟಿಲು ಹತ್ತುತ್ತಾಳೆ, ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಕಾರಿಡಾರನ್ನು ಹತ್ತು ಸಲ ಅಳೆಯುತ್ತಾಳೆ ಎಂದರೆ ಜನ ಮತ್ತೇನೆಂದು ಕರೆಯಬೇಕು? ಲ್ಯಾಬಿನಲ್ಲಿ ಅವಳದೇ ಒಂದು ಕುರ್ಚಿ ಇದೆ. ಅದರ ಮೇಲೆ ಅವಳ ಚೀಲ ಕೂರುತ್ತದೆ.

ಆದರೆ ಅದೇ ಹೆಂಗಸು ಧೂಳು ಬಾರದಂತೆ ಗಾಜು ಮುಚ್ಚಿದ ಹುಡ್ಡಿನೊಳಗೆ ಎರಡು ಕೈ ಇಟ್ಟಳೆಂದರೆ ಬೇರೆಯೇ ವ್ಯಕ್ತಿ. ಪಿಪೆಟ್ಟಿನ ತುದಿ ಕೂದಲೆಳೆಯಷ್ಟೂ ಅಲುಗುವುದಿಲ್ಲ. ದೊಡ್ಡ ದೊಡ್ಡ ಡಿಗ್ರಿಯವರು ಬೆಳೆಸಿದ ರಕ್ತಕಣಗಳು ಕೊಳೆತು ಮೋಡ ಕಟ್ಟಿದ ದಿನವೂ ಅವಳ ಫ್ಲಾಸ್ಕು ತಿಳಿಯಾಗಿರುತ್ತದೆ. ಇಪ್ಪತ್ನಾಲ್ಕನೇ ವಯಸ್ಸಿಗೆ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದವಳು, ತೊಳೆದ ಬಾಟಲಿ ಕೊಡಲು ಒಳಗೆ ಹೋದಾಗಲೆಲ್ಲ ನಿಂತು ನೋಡಿ ಕಲಿತದ್ದು ಈ ವಿದ್ಯೆ. ಒಂದು ಸಲ ಟೆಕ್ನೀಷಿಯನ್ ಹೆರಿಗೆ ರಜೆಗೆ ಹೋದಾಗ ಆರು ತಿಂಗಳ ಮಟ್ಟಿಗೆ ಅಂತ ಒಳಗೆ ಬಿಟ್ಟರು. ಆ ಆರು ತಿಂಗಳು ಇಪ್ಪತ್ಮೂರು ವರ್ಷವಾಯಿತು. ಕೈಯಲ್ಲಿ ಡಿಗ್ರಿ ಎಂಬ ಕಾಗದ ಮಾತ್ರ ಇಲ್ಲ.

ಅವಳು ಬೆಳೆಸುವುದು ರಕ್ತದ ಬಿಳಿಕಣಗಳಲ್ಲೇ ಒಂದು ಬಗೆ, ಸಹಾಯಕ ಟಿ ಕಣ. ಹೆಸರಿಗೆ ಸಹಾಯಕ, ಮಾಡುವುದೆಲ್ಲ ಮೇಸ್ತ್ರಿಯ ಕೆಲಸ. ಮೈಯೊಳಗೆ ವೈರಸ್ ನುಗ್ಗಿದರೆ ತಾನೇ ಮುಂದೆ ಬಿದ್ದು ಹೊಡೆದಾಡುವುದಕ್ಕಿಂತ ಹೊಡೆದಾಡುವವರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಅದರ ರೀತಿ. ಕಣಗಳಿಗೆ ಬಾಯಿಲ್ಲವಲ್ಲ, ಸೈಟೊಕೈನ್ ಎಂಬ ಸಣ್ಣ ಪ್ರೋಟೀನುಗಳೇ ಅವುಗಳ ಮಾತು. ಒಂದು ಕಣ ಬಿಡುತ್ತದೆ, ಇನ್ನೊಂದು ಅದನ್ನು ಮೈಮೇಲೆ ಹಿಡಿದುಕೊಂಡು ಹೇಳಿದಂತೆ ಕೇಳುತ್ತದೆ. ಬೆಳೆ ಎಂದರೆ ಬೆಳೆಯುತ್ತದೆ, ಒಡೆದು ಎರಡಾಗು ಎಂದರೆ ಎರಡಾಗುತ್ತದೆ. ಮಾತು ನಿಂತರೆ ಸೊರಗಿ ಸಾಯುತ್ತದೆ. ಲ್ಯಾಬಿನವರು ಈ ಮಾತುಗಳನ್ನೇ ಬೆರಳುದ್ದದ ವಯಲ್‌ಗಳಲ್ಲಿ ತುಂಬಿ ಫ್ರೀಜರಿನಲ್ಲಿ ಇಟ್ಟುಕೊಂಡಿದ್ದಾರೆ. ಉದ್ದುದ್ದ ಹೆಸರು ಹೇಳಿಕೊಂಡು ಕೂರಲು ಯಾರಿಗೆ ಪುರುಸೊತ್ತು, ಎಲ್ಲವನ್ನೂ ನಂಬರಿನಲ್ಲೇ ಕರೆಯುವುದು. ‘ಎರಡು’ ಎಂದರೆ ಇಂಟರ್‌ಲ್ಯೂಕಿನ್ ಎರಡು, ಬೆಳೆಯಿರಿ, ಹೆಚ್ಚಿರಿ ಎನ್ನುವುದು. ‘ಏಳು’ ಎಂದರೆ ಸುಮ್ಮನೆ ಬದುಕಿರಿ, ಸುಧಾರಿಸಿಕೊಳ್ಳಿ ಎನ್ನುವುದು. ಏಳು ಅಂದರೆ ಮಲಗುತ್ತವೆ ಎಂಬುದು ಮೂರನೇ ಮಹಡಿಯ ಹಳಸಿದ ಜೋಕು. ಕಣ ಎಣಿಸುವ ಯಂತ್ರ ನಡೆಸುವವನನ್ನು ಎಲ್ಲರೂ ಯಂತ್ರದಣ್ಣ ಎನ್ನುತ್ತಾರೆ. ಹೊಸಬರು ಬಂದಾಗಲೆಲ್ಲ ಅವನು ಅದನ್ನು ಬಿಸಿ ಮಾಡಿ ಬಡಿಸುತ್ತಾನೆ.

ಆ ಸಲದ ಬ್ಯಾಚಿನ ನಂಬರು ಹದಿನೇಳು. ಐದನೇ ಮಹಡಿಯಲ್ಲಿ ಒಬ್ಬಳು ಕಾಲೇಜು ಹುಡುಗಿ ಮಲಗಿದ್ದಳು. ಅಣ್ಣನ ಮೂಳೆಮಜ್ಜೆಯನ್ನು ಅವಳಿಗೆ ಹಾಕಿದ್ದರು. ಅದು ಇನ್ನೂ ನೆಲೆ ನಿಲ್ಲುವ ಮೊದಲೇ ಮೈಯೊಳಗೆ ಎಂದಿನಿಂದಲೋ ಅಡಗಿದ್ದ ವೈರಸ್ ಒಂದು ತಲೆಯೆತ್ತಿತು, ಔಷಧಿಗೆ ಬಗ್ಗಲಿಲ್ಲ. ಉಳಿದದ್ದು ಒಂದೇ ದಾರಿ: ಅಣ್ಣನ ರಕ್ತದಿಂದ ಆ ವೈರಸ್ಸಿನ ಗುರುತು ಬಲ್ಲ ಕಣಗಳನ್ನು ಆರಿಸಿ, ಬೆಳೆಸಿ, ತಂಗಿಗೆ ಕೊಡುವುದು. ಎರಡು ಫ್ಲಾಸ್ಕು, ಎ ಮತ್ತು ಬಿ. ಮತ್ತೆ ಮೊದಲಿನಿಂದ ಶುರು ಮಾಡಬೇಕೆಂದರೆ ಎರಡು ವಾರ ಬೇಕು, ಅಷ್ಟು ದಿನ ಹುಡುಗಿಯ ಕೈಯಲ್ಲಿಲ್ಲ ಎಂದು ವಾರ್ಡಿನವರು ಹೇಳಿದ್ದರು. ಲ್ಯಾಬಿನವರು ರೋಗಿಯನ್ನು ನೋಡುವುದಿಲ್ಲ. ಗಿರಗಿಟ್ಲೆಗೆ ಗೊತ್ತಿದ್ದದ್ದು ಹದಿನೇಳು ಎಂಬ ನಂಬರು ಮಾತ್ರ. ಆದರೆ ಆ ನಂಬರಿಗಾಗಿ ಒಂಬತ್ತು ದಿನ ಅವಳ ಜೀವ ಕೈಯಲ್ಲೇ ಇತ್ತು.

ಒಂಬತ್ತನೇ ದಿನ, ಶುಕ್ರವಾರ, ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ ಹೊಸ ಪದ್ಧತಿ ಹೇಳಿದರು.

“ಅಕ್ಕ, ಇವತ್ತಿಂದ ಎರಡು ನಿಲ್ಲಿಸಿಬಿಡಿ. ಬರೀ ಏಳು ಹಾಕಿ ಮುಚ್ಚಿಡಿ. ಸೋಮವಾರದವರೆಗೂ ಯಾರೂ ಬಾಗಿಲು ತೆಗೆಯೋದು ಬೇಡ.”

“ಮೂರು ದಿನ ಎರಡಿಲ್ಲದೆ? ಸೊರಗಿ ಹೋಗಲ್ವಾ?”

“ಸಣ್ಣಗಾಗ್ತವೆ, ಆಗ್ಲಿ. ಇಷ್ಟು ದಿನ ಓಡಿಸಿದ್ದೀವಿ, ಸ್ವಲ್ಪ ಮಲಗ್ಲಿ. ಓಡ್ತಾ ಇರೋವಾಗ್ಲೇ ಮತ್ತೆ ವೈರಸ್ ತೋರಿಸಿದ್ರೆ ಅವು ತಮ್ಮನ್ನ ತಾವೇ ಕೊಂದ್ಕೊಳ್ತವೆ. ಆ ಎರಡು ಇದೆಯಲ್ಲ, ಬೆಳೆಸೋದೂ ಅದೇ, ಸಾಯೋಕೆ ತಯಾರು ಮಾಡೋದೂ ಅದೇ.”

ಅವಳು ತಲೆ ಆಡಿಸಿದಳು. ತಲೆಗೆ ಅರ್ಥವಾಯಿತು, ಹೊಟ್ಟೆಗೆ ಆಗಲಿಲ್ಲ. ಇಪ್ಪತ್ಮೂರು ವರ್ಷ ದಿನ ಬಿಟ್ಟು ದಿನ ಎರಡು ಹಾಕಿಯೇ ಬೆಳೆಸಿದವಳು. ಅವಳ ಕಣ್ಣಿನ ಮಟ್ಟಿಗೆ ಸಣ್ಣಗಾಗುವ ಕಣ ಎಂದರೆ ಸಾಯುವ ಕಣ.

ಶನಿವಾರ ಮನೆಯಲ್ಲಿ ಅವಳನ್ನು ನೋಡಲಾಗುತ್ತಿರಲಿಲ್ಲ. ಪಾತ್ರೆ ತೊಳೆದಳು, ತೊಳೆದ ಪಾತ್ರೆಯನ್ನು ಮತ್ತೆ ತೊಳೆದಳು, ಪರದೆ ಬಿಚ್ಚಿ ಒಗೆದಳು, ಒಣಗುವ ಮೊದಲೇ ಇಸ್ತ್ರಿ ಹಾಕಲು ಹೋಗಿ ಕೈ ಸುಟ್ಟುಕೊಂಡಳು. ಅವಳ ಗಂಡ ಗಡಿಯಾರ ರಿಪೇರಿಯವನು. ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತನೆಂದರೆ ಮೂರು ಗಂಟೆ ಅಲ್ಲಾಡುವುದಿಲ್ಲ. ಇಂಥ ಇಬ್ಬರನ್ನು ಒಂದೇ ಸೂರಿನ ಕೆಳಗೆ ಕಟ್ಟಿಹಾಕಿದ ಹಿರಿಯರಿಗೆ ತಮಾಷೆ ಮಾಡುವ ಮನಸ್ಸಿತ್ತೋ ಏನೋ.

“ಬಾಲ ಸುಟ್ಟ ಬೆಕ್ಕಿನ ಥರ ಓಡಾಡಬೇಡ. ಏನಾಯ್ತೀಗ?” ಎಂದ, ತಲೆಯೆತ್ತದೆ.

“ಕಣಕ್ಕೆ ಊಟ ನಿಲ್ಲಿಸಿ ಬಂದಿದೀನಿ ರೀ.”

“ನಿಲ್ಲಿಸು ಅಂದೋರು ಯಾರು?”

“ಡಾಕ್ಟರಮ್ಮ.”

“ಮತ್ತೆ ನಿನಗ್ಯಾಕೆ ಹೊಟ್ಟೆನೋವು? ನಾನೂ ಗಡಿಯಾರ ಸರಿ ಮಾಡಿದ್ಮೇಲೆ ಒಂದು ದಿನ ಮುಟ್ಟಲ್ಲ. ಅದರ ಪಾಡಿಗೆ ಬಿಟ್ರೇನೇ ಸರಿ ಇದೆಯೋ ಇಲ್ವೋ ಗೊತ್ತಾಗೋದು.”

“ನಿಮ್ಮ ಗಡಿಯಾರ ನಿಂತ್ರೆ ಮತ್ತೆ ಕೀ ಕೊಡಬಹುದು. ನನ್ನದು ನಿಂತ್ರೆ ನಿಂತಹಾಗೆ.”

ಉತ್ತರ ಕೇಳಿಸಿಕೊಳ್ಳಲು ಅವಳು ಅಲ್ಲಿ ನಿಂತಿರಲಿಲ್ಲ.

ಈ ಚಡಪಡಿಕೆ ಹುಟ್ಟಿನಿಂದ ಬಂದದ್ದಲ್ಲ. ಅವಳು ಇಪ್ಪತ್ತರವಳಿದ್ದಾಗ ಅಪ್ಪ ಆಸ್ಪತ್ರೆಯಲ್ಲಿದ್ದರು. ನಾಲ್ಕು ದಿನ ಪಕ್ಕದಲ್ಲೇ ಇದ್ದವಳು ಐದನೇ ದಿನ ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಕಣ್ಣು ಮುಚ್ಚಿದಳು. ಅರ್ಧ ಗಂಟೆ ಅಷ್ಟೆ. ಎಚ್ಚರವಾದಾಗ ಅಪ್ಪನ ಕೈ ತಣ್ಣಗಿತ್ತು. ನೀನು ಎಚ್ಚರವಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಎಲ್ಲರೂ ಹೇಳಿದರು. ಅವಳು ಯಾರ ಮಾತನ್ನೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಕುರ್ಚಿ ಕಂಡರೆ ಅವಳಿಗೆ ಆಗದು ಎಂದರೆ ಅದು ಇದಕ್ಕೆ.

ಭಾನುವಾರ ಬೆಳಗ್ಗೆ ತರಕಾರಿ ಚೀಲ ಹಿಡಿದು ಹೊರಟವಳು ಸೀದಾ ಆಸ್ಪತ್ರೆಗೆ ಬಂದಳು. ವಾಚ್‌ಮನ್ ಸಲಾಮು ಹೊಡೆದು ಒಳಗೆ ಬಿಟ್ಟ. ಮೂರನೇ ಮಹಡಿಯಲ್ಲಿ ನರಪಿಳ್ಳೆಯೂ ಇರಲಿಲ್ಲ, ಫ್ರೀಜರುಗಳು ಮಾತ್ರ ಗುಂಯ್ ಎನ್ನುತ್ತಿದ್ದವು. ಸುಮ್ಮನೆ ನೋಡಿ ಹೋಗೋಣ, ಮುಟ್ಟುವುದು ಬೇಡ ಎಂದುಕೊಂಡೇ ಕಣಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆಗೆದಳು. ಎ ಫ್ಲಾಸ್ಕನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು.

ಶುಕ್ರವಾರ ದ್ರಾಕ್ಷಿ ಗೊಂಚಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡು ದಷ್ಟಪುಷ್ಟವಾಗಿದ್ದ ಕಣಗಳು ಈಗ ಚೆದುರಿ, ಕುಗ್ಗಿ, ಸಾಸಿವೆ ಚೆಲ್ಲಿದಂತೆ ಬಿದ್ದಿದ್ದವು. ಬಿ ಫ್ಲಾಸ್ಕೂ ಹಾಗೆಯೇ. ಡಾಕ್ಟರಮ್ಮ ಹೇಳಿದ್ದು ಇದನ್ನೇ, ಮಲಗಿದ ಕಣ ಇರುವುದೇ ಹೀಗೆ. ಆದರೆ ಆ ಹೊತ್ತಿಗೆ ಡಾಕ್ಟರಮ್ಮನ ಮಾತು ಎಲ್ಲಿ ನೆನಪಿಗೆ ಬರುತ್ತದೆ! ಸಾಯುತ್ತಿವೆ, ನಾನು ನೋಡುತ್ತ ನಿಂತಿದ್ದೇನೆ ಎಂಬುದೊಂದೇ ತಲೆಯಲ್ಲಿತ್ತು. ಫ್ರೀಜರಿನಿಂದ ಎರಡರ ವಯಲ್ ಒಂದನ್ನು ತೆಗೆದು, ಅಂಗೈಯಲ್ಲಿ ಕರಗಿಸಿ, ಹುಡ್ಡಿನೊಳಗೆ ಕೈಯಿಟ್ಟು, ಎ ಫ್ಲಾಸ್ಕಿಗೆ ಪೂರ್ತಿ ಹಾಕಿದಳು. ಕೈ ಒಂದಿಷ್ಟೂ ನಡುಗಲಿಲ್ಲ. ಎರಡು ದಿನದಲ್ಲಿ ಅವಳಿಗೆ ಸಮಾಧಾನವಾದ ನಿಮಿಷ ಅದೊಂದೇ.

ಒಂದು ವಯಲ್ ಒಂದು ಫ್ಲಾಸ್ಕಿಗೆ ಲೆಕ್ಕ. ಬಿ ಫ್ಲಾಸ್ಕಿಗೆಂದು ಇನ್ನೊಂದು ತೆಗೆಯಲು ಫ್ರೀಜರಿನ ಹಿಡಿಗೆ ಕೈ ಹಾಕುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

“ಎಲ್ಲಿದೀಯ?” ಗಂಡ.

“ತರಕಾರಿ ಅಂಗಡೀಲಿ.”

“ಅಲ್ಲೇನು, ಜನರ ಸದ್ದೇ ಇಲ್ಲ?”

“ಜನ ಇಲ್ಲ ಇವತ್ತು.”

ಫೋನಿಟ್ಟ ಮೇಲೆ ಫ್ರೀಜರಿಗೆ ಕೈ ಹೋಗಲಿಲ್ಲ. ಆ ಮನುಷ್ಯನಿಗೆ ಮೂವತ್ತು ವರ್ಷದಲ್ಲಿ ಅವಳು ಸುಳ್ಳು ಹೇಳಿದವಳಲ್ಲ. ಸುಳ್ಳು ಹೇಳಬೇಕಾಯಿತು ಎಂದ ಮೇಲೆ ಮಾಡುತ್ತಿರುವುದು ಸರಿಯಿಲ್ಲ ಎಂದಾಯಿತಲ್ಲ. ಬಿ ಫ್ಲಾಸ್ಕಿಗೆ ಏನೂ ಹಾಕದೆ, ಎರಡೂ ಫ್ಲಾಸ್ಕನ್ನು ಇನ್‌ಕ್ಯುಬೇಟರಿನೊಳಗಿಟ್ಟು ಬಾಗಿಲು ಹಾಕಿದಳು. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಆ ಕೋಣೆಯಲ್ಲಿ ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರ ಸಹಿ ಬೇಕು, ಭಾನುವಾರ ಇನ್ನೊಬ್ಬರು ಎಲ್ಲಿ? ನಾಳೆ ಬಾಯಲ್ಲೇ ಹೇಳಿದರಾಯಿತು ಎಂದುಕೊಂಡಳು.

ಸೋಮವಾರ ಹೇಳಲಿಲ್ಲ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಡಾಕ್ಟರಮ್ಮ ಹುಬ್ಬು ಗಂಟು ಹಾಕಿ, “ಎ ಯಾಕೆ ಇನ್ನೂ ಇಷ್ಟು ದಪ್ಪ ಇದೆ?” ಎಂದಾಗ ಅವಳು ಹೇಳಲೆಂದು ಬಾಯಿ ತೆರೆದಳು. ಪಕ್ಕದಲ್ಲಿದ್ದ ಯಂತ್ರದಣ್ಣ, “ಕೆಲವಕ್ಕೆ ಬೇಗ ನಿದ್ದೆ ಬರಲ್ಲ ಡಾಕ್ಟರಮ್ಮ, ನಮ್ಮ ಅಕ್ಕನ ಥರ,” ಎಂದು ನಗಿಸಿಬಿಟ್ಟ. ಆ ನಗುವಿನೊಳಗೆ ಅವಳ ಮಾತು ಮುಳುಗಿತು. ಎರಡೂ ಫ್ಲಾಸ್ಕಿನಿಂದ ಸ್ವಲ್ಪ ಸ್ವಲ್ಪ ಕಣ ತೆಗೆದು, ಅದಕ್ಕೆ ವೈರಸ್ಸಿನ ಚೂರು ತೋರಿಸಿ, ಮರುದಿನ ನೋಡಲೆಂದು ಇಟ್ಟರು. ವಾರ್ಡಿಗೆ ಹೋಗುವ ಮುಂಚಿನ ಪರೀಕ್ಷೆ ಅದು.

ಮಂಗಳವಾರ ಬೆಳಗ್ಗೆ ಯಂತ್ರದ ಪರದೆಯ ಮೇಲೆ ಬಂದದ್ದನ್ನು ಮೂವರೂ ನೋಡಿದರು. ಬಿ ಫ್ಲಾಸ್ಕಿನ ಹತ್ತರಲ್ಲಿ ಒಂಬತ್ತು ಕಣ ಜೀವಂತ. ವೈರಸ್ ಕಂಡ ಕೂಡಲೇ ಎದ್ದು ತಮ್ಮ ಸೈಟೊಕೈನನ್ನು ತಾವೇ ಸುರಿಸುತ್ತಿದ್ದವು. ಎ ಫ್ಲಾಸ್ಕಿನ ಹತ್ತರಲ್ಲಿ ಏಳು ಸತ್ತಿದ್ದವು. ಅವಳ ಕೈಯಿಂದಲೇ ಉಂಡ ಆ ಕಣಗಳು, ಡಾಕ್ಟರಮ್ಮ ಶುಕ್ರವಾರ ಹೇಳಿದ ಮಾತಿಗೆ ಸರಿಯಾಗಿ, ತಮ್ಮನ್ನು ತಾವೇ ಕೊಂದುಕೊಂಡಿದ್ದವು.

“ಒಂದೇ ರಕ್ತ, ಒಂದೇ ದಿನ, ಒಂದೇ ಕೈ. ಇಷ್ಟು ವ್ಯತ್ಯಾಸ ಹೇಗೆ?” ಡಾಕ್ಟರಮ್ಮ ರಿಜಿಸ್ಟರಿನ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಅಲ್ಲಿ ಏನೂ ಇರಲಿಲ್ಲ.

ಇಲ್ಲಿ ನಿಯಮ ಕಟ್ಟುನಿಟ್ಟು. ಜೋಡಿ ಫ್ಲಾಸ್ಕುಗಳು ಬೇರೆ ಬೇರೆಯಾಗಿ ನಡೆದುಕೊಂಡರೆ ಅದಕ್ಕೆ ಕಾರಣ ಬರಹದಲ್ಲಿ ಇರಬೇಕು. ಇಲ್ಲವಾದರೆ ಚೆನ್ನಾಗಿರುವುದನ್ನೂ ನಂಬುವಂತಿಲ್ಲ, ಎರಡನ್ನೂ ಚೆಲ್ಲಬೇಕು. ಯಾರದೋ ಕಣ ಯಾರದೋ ಫ್ಲಾಸ್ಕಿಗೆ ಬೆರೆತಿರಬಹುದು, ಸೋಂಕು ಸೇರಿರಬಹುದು, ಅಂಥದ್ದನ್ನು ಸಾಯುವಂತಿರುವ ಹುಡುಗಿಯ ಮೈಗೆ ಬಿಡುವುದು ಹೇಗೆ? ಸಂಜೆ ನಾಲ್ಕರೊಳಗೆ ಉತ್ತರ ಬೇಕೆಂದು ಐದನೇ ಮಹಡಿಯಿಂದ ಎರಡು ಸಲ ಫೋನು ಬಂತು.

“ನೀವೇ ಟ್ಯೂಬ್ ಅದಲು ಬದಲು ಮಾಡಿರಬೇಕು,” ಎಂದರು ಡಾಕ್ಟರಮ್ಮ ಯಂತ್ರದಣ್ಣನಿಗೆ.

“ನಾನಾ? ಹನ್ನೊಂದು ವರ್ಷದಲ್ಲಿ ಒಂದು ಟ್ಯೂಬ್ ತಪ್ಪಿದ್ರೆ ತೋರಿಸಿ! ಅಕ್ಕ, ನೀವೇ ಹೇಳಿ, ನೀವು ಪಕ್ಕದಲ್ಲೇ ಇದ್ರಲ್ಲ!”

ಅವಳು ಬಾಟಲಿ ತರುವ ನೆಪ ಹೇಳಿ ಹೊರಗೆ ಹೋದಳು.

ಹತ್ತರಿಂದ ಮೂರರವರೆಗೆ ಅವಳು ಎಷ್ಟು ಸಲ ಮೆಟ್ಟಿಲು ಹತ್ತಿಳಿದಳೋ ಎಣಿಸಿದವರಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಈ ವಯಸ್ಸಿನಲ್ಲಿ, ಡಿಗ್ರಿಯಿಲ್ಲದ ಹೆಂಗಸಿಗೆ, ಇನ್ಯಾವ ಹುಡ್ಡಿನ ಮುಂದೆ ಜಾಗ ಕೊಡುತ್ತಾರೆ? ಹೇಳದಿದ್ದರೆ ಬಿ ಫ್ಲಾಸ್ಕು ಬ್ಲೀಚಿಗೆ ಹೋಗುತ್ತದೆ. ಅದು ಚೆನ್ನಾಗಿದೆ ಎಂದು ಈ ಭೂಮಿಯ ಮೇಲೆ ಗೊತ್ತಿರುವುದು ಅವಳೊಬ್ಬಳಿಗೆ. ಡಾಕ್ಟರಮ್ಮ ಹೇಗಾದರೂ ತಾವೇ ಕಂಡುಹಿಡಿಯಲಿ ಎಂದು ಹಂಬಲಿಸಿದಳು. ಹಾಗೆ ಹಂಬಲಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಒಮ್ಮೆ ಐದನೇ ಮಹಡಿಯ ಬಾಗಿಲವರೆಗೂ ಹೋಗಿ, ಗಾಜಿನಾಚೆ ಯಾರೋ ಒಬ್ಬರು ಬೆಂಚಿನ ಮೇಲೆ ಅಲುಗಾಡದೆ ಕೂತಿದ್ದನ್ನು ಕಂಡು ಹಿಂದಿರುಗಿದಳು.

ಮೂರೂ ಇಪ್ಪತ್ತಕ್ಕೆ ಡಾಕ್ಟರಮ್ಮನ ಕೋಣೆಗೆ ನುಗ್ಗಿದಾಗ, ಚೆಲ್ಲುವ ಫಾರಂ ಮೇಜಿನ ಮೇಲಿತ್ತು, ಪೆನ್ನು ಕೈಯಲ್ಲಿತ್ತು. ಯಂತ್ರದಣ್ಣ ಮುಖ ಊದಿಸಿಕೊಂಡು ಗೋಡೆಗೆ ಒರಗಿದ್ದ.

“ಸಹಿ ಹಾಕ್ಬೇಡಿ. ಎ ಫ್ಲಾಸ್ಕಿಗೆ ಭಾನುವಾರ ನಾನು ಎರಡು ಹಾಕಿದೀನಿ. ಒಂದು ಪೂರ್ತಿ ವಯಲ್. ಬಿ ಮುಟ್ಟಿಲ್ಲ.”

ಡಾಕ್ಟರಮ್ಮ ಬೈಯುತ್ತಾರೆಂದು ಅವಳು ಕಾದಳು, ಅವರು ಬೈಯಲಿಲ್ಲ.

“ಬಿ ಮುಟ್ಟಿಲ್ಲ ಅಂತ ನಾನು ಹೇಗೆ ನಂಬ್ಲಿ ಅಕ್ಕ? ಎ ಮುಟ್ಟಿದ್ದನ್ನೇ ನೀವು ಎರಡು ದಿನ ಹೇಳಿಲ್ಲ.”

ಈ ಪ್ರಶ್ನೆ ಬರುತ್ತದೆಂದು ಅವಳು ಯೋಚಿಸಿಯೇ ಇರಲಿಲ್ಲ. ಬಾಯಿ ಬಿಟ್ಟರೆ ಸಾಕು ಬಿ ಉಳಿಯುತ್ತದೆ ಎಂದುಕೊಂಡಿದ್ದಳು. ಇಪ್ಪತ್ಮೂರು ವರ್ಷ ಅವಳ ಮಾತೇ ಆ ಕೋಣೆಯಲ್ಲಿ ಸಹಿಯ ಸಮಾನವಾಗಿತ್ತು. ಈಗ ಅದಕ್ಕೆ ಬೆಲೆಯಿಲ್ಲ.

“ವಯಲ್ ಎಣಿಸಿ,” ಎಂದಳು ಕೊನೆಗೆ. “ನನ್ನ ಮಾತು ಬೇಡ. ಎರಡೂ ಫ್ಲಾಸ್ಕಿಗೆ ಹಾಕಿದ್ರೆ ಎರಡು ವಯಲ್ ಕಡಿಮೆ ಇರಬೇಕು.”

ಮೂವರೂ ಫ್ರೀಜರಿನ ಮುಂದೆ ನಿಂತರು. ಎಣಿಸಿದ್ದು ಯಂತ್ರದಣ್ಣ, ರಿಜಿಸ್ಟರು ಓದಿದ್ದು ಡಾಕ್ಟರಮ್ಮ. ಅವಳು ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದಳು. ರಿಜಿಸ್ಟರಿನ ಪ್ರಕಾರ ಇರಬೇಕಾದದ್ದು ಮೂವತ್ತೊಂದು. ಪೆಟ್ಟಿಗೆಯಲ್ಲಿ ಮೂವತ್ತು. ಯಂತ್ರದಣ್ಣ ಇನ್ನೊಂದು ಸಲ ಎಣಿಸಿದ. ಮೂವತ್ತೇ.

“ಬರೀರಿ,” ಎಂದರು ಡಾಕ್ಟರಮ್ಮ.

ದಿನ, ಹೊತ್ತು, ಏನು, ಎಷ್ಟು, ಯಾರು ಎಂದು ಬರೆದು ಸಹಿ ಹಾಕಿದಳು. ಎರಡನೇ ಸಹಿಯ ಜಾಗದಲ್ಲಿ ಯಂತ್ರದಣ್ಣ ಹಾಕಿದ, ಅವಳ ಮುಖ ನೋಡದೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ಬಿ ಫ್ಲಾಸ್ಕು ಉಳಿಯಿತು. ಎ ಫ್ಲಾಸ್ಕನ್ನು ಮತ್ತೆ ಮಲಗಿಸಿ ನೋಡಲು ಹೊತ್ತಿರಲಿಲ್ಲ, ಅದನ್ನು ಚೆಲ್ಲಿದರು. ಹುಡುಗಿಗೆ ಹೋದದ್ದು ಅರ್ಧ ಡೋಸು.

ಕೆಲಸ ಹೋಗಲಿಲ್ಲ. ಹೋಗಿದ್ದರೇ ವಾಸಿಯಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು. ಮರುದಿನದಿಂದ ಆ ಕೋಣೆಗೆ ಬರುವುದು ಬೇಡ ಎಂದು ಬಾಟಲಿ ತೊಳೆಯುವಲ್ಲಿಗೆ ಕಳಿಸಿದರು. ಮನೆಗೆ ಹೋಗಿ ಗಂಡನಿಗೆ ತರಕಾರಿ ಅಂಗಡಿಯ ಸುಳ್ಳಿನಿಂದ ಹಿಡಿದು ಎಲ್ಲ ಹೇಳಿದಳು. ಅವನು ಭೂತಗನ್ನಡಿ ತೆಗೆದು ಪಕ್ಕಕ್ಕಿಟ್ಟು ಪೂರ್ತಿ ಕೇಳಿದ. “ಅವತ್ತೇ ಗೊತ್ತಾಗಿತ್ತು. ಅಂಗಡೀಲಿ ಫ್ರೀಜರ್ ಗುಂಯ್ ಅನ್ನುತ್ತಾ?” ಎಂದ, ಅಷ್ಟೆ.

ಐದನೇ ಮಹಡಿಯ ಸುದ್ದಿ ತೊಳೆಯುವ ಕೋಣೆಗೆ ಇಳಿದು ಬರುವುದಿಲ್ಲ. ಯಂತ್ರದಣ್ಣ ಮಾತು ಬಿಟ್ಟಿದ್ದ. ಅವಳು ಬಾಟಲಿ ತೊಳೆದಳು, ಒಣಗಿಸಿದಳು, ದಿನ ಎಣಿಸಿದಳು. ಆರು, ಹತ್ತು, ಹದಿಮೂರು. ಆ ಕಣಗಳು ಒಳಗೆ ಬೆಳೆಯುತ್ತಿವೆಯೋ ಇಲ್ಲವೋ, ಅವಕ್ಕೆ ಈಗ ಎರಡು ಹೇಳುವವರು ಯಾರು, ಏಳು ಹೇಳುವವರು ಯಾರು ಎಂದು ಯೋಚಿಸಿ ಯೋಚಿಸಿ ಕೈಯಲ್ಲಿದ್ದ ಬಾಟಲಿ ಜಾರಿ ಒಡೆಯಿತು. ಮಾಡಲು ಏನೂ ಇಲ್ಲದ ಹಿಂಸೆ ಎಂಥದ್ದೆಂದು ಅವಳಿಗೆ ಆಗ ಗೊತ್ತಾಯಿತು.

ಹದಿನೆಂಟನೇ ದಿನ ಡಾಕ್ಟರಮ್ಮ ತಾವೇ ಕೆಳಗೆ ಬಂದರು.

“ಇವತ್ತಿನ ರಕ್ತದಲ್ಲಿ ವೈರಸ್ ಕಾಣಿಸ್ಲಿಲ್ಲ ಅಕ್ಕ.”

ಅವಳಿಗೆ ಅಳು ಬಂತು, ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು, “ಎರಡೂ ಫ್ಲಾಸ್ಕು ಅವಳಿಗೆ ಹೋಗಿದ್ದಿದ್ರೆ?”

ಡಾಕ್ಟರಮ್ಮ ತೊಳೆದಿಟ್ಟ ಬಾಟಲಿಯೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. “ಒಂದು ವಾರ ಮುಂಚೆ ಆಗ್ತಿತ್ತೇನೋ. ಖಂಡಿತವಾಗಿ ಹೇಳೋಕಾಗಲ್ಲ.”

ಹುಡುಗಿ ಮನೆಗೆ ಹೊರಟ ದಿನ ಅವಳ ತಾಯಿ, ಕಣ ಬೆಳೆಸಿದವರನ್ನು ಒಮ್ಮೆ ನೋಡಲೇಬೇಕೆಂದು ಹಟ ಹಿಡಿದರಂತೆ. “ಹೋಗಿ ಬನ್ನಿ. ಬಿ ಬೆಳೆಸಿದ್ದೂ ನೀವೇ ತಾನೆ,” ಎಂದರು ಡಾಕ್ಟರಮ್ಮ. ಗಿರಗಿಟ್ಲೆ ಏಪ್ರನ್ ಬಿಚ್ಚಿ, ಕೈ ಒರೆಸಿಕೊಂಡು, ಮೆಟ್ಟಿಲಿಳಿದು ಹೋದಳು.

ಹೊರಬಾಗಿಲ ಬಳಿ ಗಾಲಿ ಕುರ್ಚಿಯಲ್ಲಿ ಹುಡುಗಿ, ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್, ಕಣ್ಣು ಮುಚ್ಚಿ ಒರಗಿದ್ದಳು. ತಾಯಿ ಗಿರಗಿಟ್ಲೆಯ ಎರಡೂ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. “ಈ ಕೈಯೇ ಅಲ್ವಾ ತಾಯಿ! ಕಣ ಕೊಟ್ಟ ಮೇಲೆ ಹದಿನೆಂಟು ದಿನ ಮೇಲಿನ ಆ ಬೆಂಚಿನ ಮೇಲೆ ಕೂತಿದ್ದೆ. ಏಳೋ ಹಾಗಿಲ್ಲ, ಒಳಗೆ ಹೋಗೋ ಹಾಗಿಲ್ಲ. ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ.”

ಸುಮ್ಮನೆ ತಲೆಯಾಡಿಸಿ ಬಂದುಬಿಡಬಹುದಿತ್ತು. ಯಾರಿಗೂ ನಷ್ಟವಿರಲಿಲ್ಲ.

“ಅಮ್ಮ, ಅದರಲ್ಲಿ ಕೊನೇ ಒಂದು ವಾರ ನನ್ನಿಂದ ಆಗಿದ್ದು,” ಎಂದಳು. “ಮುಟ್ಟಬೇಡ ಅಂದಿದ್ರು. ಸಾಯ್ತಿವೆ ಅನ್ನಿಸಿ ಮುಟ್ಟಿಬಿಟ್ಟೆ. ಅರ್ಧ ಹಾಳಾಯ್ತು. ಉಳಿದರ್ಧವೇ ಇವಳಿಗೆ ಬಂದಿದ್ದು.”

ತಾಯಿ ಅವಳ ಮುಖವನ್ನೇ ನೋಡಿದರು. ಹಿಡಿದಿದ್ದ ಕೈ ನಿಧಾನವಾಗಿ ಸಡಿಲವಾಯಿತು. ಬೈಗುಳವಾಗಲಿ ಸಿಟ್ಟಾಗಲಿ ಬರಲಿಲ್ಲ. ಮಗಳ ಹೊದಿಕೆಯನ್ನು ಭುಜದವರೆಗೆ ಎಳೆದು, ಗಾಲಿ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡರು.

“ಹನ್ನೆರಡನೇ ದಿನ ಒಂದು ನಿಮಿಷ ಒಳಗೆ ಬಿಟ್ಟಿದ್ರು,” ಎಂದರು, “ಇವಳು ನನ್ನ ಗುರುತು ಹಿಡೀಲಿಲ್ಲ. ನೀವ್ಯಾರು ಅಂದ್ಲು.”

ಕುರ್ಚಿ ತಳ್ಳಿಕೊಂಡು ಬಾಗಿಲು ದಾಟಿದರು. ಗಿರಗಿಟ್ಲೆ ನಿಂತಲ್ಲೇ ನಿಂತಿದ್ದಳು.